ಬ್ಯಾಕ್ ಆಫ್, ಬ್ಯಾಕ್ ಡೌನ್, ಬ್ಯಾಕ್ ಔಟ್: ‘ಹಿಂದೆ ಸರಿ’ ಅನ್ನೋಕೆ ಯಾವಾಗ ಯಾವುದು?

ಕೆಲವು ವರ್ಷಗಳ ಹಿಂದೆ ಅಮೆರಿಕದ ಕ್ಲೈಂಟ್ ಒಬ್ಬರಿಗೆ ನಾನೊಂದು ಮೇಲ್ ಬರೆದೆ. ಶುಕ್ರವಾರದ ಡೆಡ್‌ಲೈನ್ ನಮ್ಮ ಕೈಲಿ ಆಗುವಂತಿರಲಿಲ್ಲ. ಆ ತಾರೀಕಿನಿಂದ ಅವರು ಸ್ವಲ್ಪ ಹಿಂದೆ ಸರಿದರೆ ಸಾಕು ಅಂತ ಮನಸ್ಸಿನಲ್ಲೇ ಕನ್ನಡದಲ್ಲಿ ಅಂದುಕೊಂಡು, ಅದನ್ನೇ ಇಂಗ್ಲಿಷಿಗೆ ತಿರುಗಿಸಿ, ‘ಕೈಂಡ್ಲಿ ಬ್ಯಾಕ್ ಆಫ್ ಫ್ರಮ್ ದಿ ಫ್ರೈಡೇ ಡೆಡ್‌ಲೈನ್’ ಅಂತ ಬರೆದು ಕಳಿಸಿ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಬರುವಷ್ಟರಲ್ಲಿ ಮ್ಯಾನೇಜರ್ ನನ್ನ ಸೀಟಿನ ಪಕ್ಕದಲ್ಲೇ ನಿಂತಿದ್ದರು. ‘ದಯವಿಟ್ಟು’ ಅಂತ ಶುರು ಮಾಡಿ ‘ನಮ್ಮ ತಂಟೆಗೆ ಬರಬೇಡಿ’ ಅಂತ ಮುಗಿಸಿದ್ದೆ ನಾನು.

ತಪ್ಪು ಎಲ್ಲಿ ಅಂತ ಆಮೇಲೆ ಯೋಚಿಸಿದೆ. ಗ್ರಾಮರ್ ಪುಸ್ತಕದಲ್ಲಿ ಹುಡುಕಿದರೆ ಸಿಗುವ ತಪ್ಪಲ್ಲ ಅದು. ‘ಹಿಂದೆ ಸರಿ’ ಅನ್ನುವ ನಮ್ಮ ಮಾತೇ ಎಲ್ಲ ಕಾಯಿಲೆಗೂ ಕೊಡುವ ಒಂದೇ ಮಾತ್ರೆಯ ಹಾಗಾಗಿದೆ. ಗುಂಪು ಹಿಂದೆ ಸರಿಯುತ್ತದೆ. ಸೈನ್ಯ ಹಿಂದೆ ಸರಿಯುತ್ತದೆ. ಸೈಟಿಗೆ ಅಡ್ವಾನ್ಸ್ ಕೊಟ್ಟವನು ಹಿಂದೆ ಸರಿಯುತ್ತಾನೆ, ಅಭ್ಯರ್ಥಿ ಕಣದಿಂದ ಹಿಂದೆ ಸರಿಯುತ್ತಾನೆ, ಸರ್ಕಾರ ತನ್ನ ನಿರ್ಧಾರದಿಂದ ಹಿಂದೆ ಸರಿಯುತ್ತದೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ಬೇರೆ ಬೇರೆ ಮಾತು.

ಹಾಗಾಗಿ ನನ್ನ ಸಲಹೆ ಸ್ವಲ್ಪ ತಲೆಕೆಳಗು ಅನ್ನಿಸಬಹುದು. ಇಂಗ್ಲಿಷ್ ಡಿಕ್ಷನರಿ ತೆಗೆಯುವ ಮುಂಚೆ ಕನ್ನಡವನ್ನೇ ಇನ್ನೊಂದು ಸಲ ಸರಿಯಾಗಿ ಹೇಳಿ ನೋಡಿ. ಪೇಪರಿನ ‘ಹಿಂದೆ ಸರಿ’ ಬಿಟ್ಟು, ಮನೆಯಲ್ಲಿ ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳು ಅಂತ ಯೋಚಿಸಿ. ‘ಅವನ ತಂಟೆಗೆ ಹೋಗಬೇಡ’ ಅನ್ನುತ್ತಿದ್ದಳಾ? ಅದು ಬ್ಯಾಕ್ ಆಫ್. ‘ಕೊನೆಗೂ ಪಟ್ಟು ಬಿಟ್ಟ’ ಅನ್ನುತ್ತಿದ್ದಳಾ? ಬ್ಯಾಕ್ ಡೌನ್. ‘ಕೈಕೊಟ್ಟ ನೋಡು’ ಅನ್ನುತ್ತಿದ್ದಳಾ? ಬ್ಯಾಕ್ ಔಟ್. ಮುಕ್ಕಾಲು ಪಾಲು ಗೊಂದಲ ಅಲ್ಲಿಗೇ ಮುಗಿಯುತ್ತದೆ. ಉಳಿದ ಕಾಲು ಭಾಗಕ್ಕೆ ಮುಂದೆ ಓದಿ.

ಮೊದಲು ಆ ‘ಬ್ಯಾಕ್’ ಸಂಗತಿ

ಕ್ರಿಯಾಪದಕ್ಕೆ ಆಫ್, ಔಟ್ ಥರದ ಚಿಕ್ಕ ಪದ ಅಂಟಿ ಬೇರೆಯೇ ಅರ್ಥ ಕೊಡುವ ಮಾತಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಹೆದರುವವರು ಒಂದು ವಿಷಯ ನೆನಪಿಡಿ. ಇಂಗ್ಲಿಷ್ ಬಾರದ ಹಳ್ಳಿಯ ಮುದುಕರಿಗೂ ಒಂದು ಫ್ರೇಸಲ್ ವರ್ಬ್ ಚೆನ್ನಾಗಿ ಗೊತ್ತು: ಹೋಲ್ಡಾನ್. ಕಂಡಕ್ಟರ್ ‘ಹೋಲ್ಡಾನ್’ ಅಂದರೆ ಬಸ್ಸು ನಿಲ್ಲಬೇಕು, ‘ರೈಟ್’ ಅಂದರೆ ಹೊರಡಬೇಕು. ಹೋಲ್ಡ್ ಅಂದರೇನು, ಆನ್ ಅಂದರೇನು ಅಂತ ಯಾರೂ ಬಿಡಿಸಿ ನೋಡಿಲ್ಲ. ಇಡೀ ಮಾತನ್ನು ಇಡಿಯಾಗಿ ನುಂಗಿದ್ದೇವೆ. ಕಲಿಯಬೇಕಾದ ರೀತಿ ಅದೇ.

ಇನ್ನು ಚಿಕ್ಕ ಪದ ಅಂಟಿಕೊಂಡು ಅರ್ಥ ಪೂರ್ತಿ ಬದಲಾಗುವುದು ನಮಗೇನೂ ಹೊಸದಲ್ಲ. ನಮ್ಮ ‘ಬೆನ್ನು’ ತಗೊಳ್ಳಿ. ಬೆನ್ನು ತಟ್ಟಿದರೆ ಶಭಾಷ್ ಅಂದ ಹಾಗೆ. ಬೆನ್ನಿಗೆ ನಿಂತರೆ ಬೆಂಬಲ. ಬೆನ್ನು ಹತ್ತಿದರೆ ಅಟ್ಟಿಸಿಕೊಂಡು ಹೋದ ಹಾಗೆ, ಬೆನ್ನು ತೋರಿಸಿದರೆ ಓಡಿಹೋದ ಹಾಗೆ. ಕನ್ನಡ ಕಲಿಯುತ್ತಿರುವ ಪರರಾಜ್ಯದ ಗೆಳೆಯನಿಗೆ ಇದನ್ನು ವಿವರಿಸಿ ನೋಡಿ, ಅವನ ಮುಖದಲ್ಲೂ ನಮ್ಮ ಗೋಳೇ ಕಾಣುತ್ತದೆ.

ಆದರೆ ಒಂದು ವ್ಯತ್ಯಾಸ ಇದೆ, ಇದು ಮುಖ್ಯ. ಇಂಗ್ಲಿಷಿನ ಬ್ಯಾಕ್ ಅನ್ನುವ ಕ್ರಿಯಾಪದದಲ್ಲಿ ಮುಖ ತಿರುಗುವುದಿಲ್ಲ. ಕಾರು ರಿವರ್ಸ್ ತೆಗೆಯುವ ಹಾಗೆ, ಮುಖ ಎದುರಿಗೇ ಇರುತ್ತದೆ, ಕಾಲು ಮಾತ್ರ ಬೆನ್ನಿನ ಕಡೆಗೆ ಹೋಗುತ್ತದೆ. ಬೆನ್ನು ತೋರಿಸಿ ಓಡುವುದಕ್ಕೂ ಇದಕ್ಕೂ ತುಂಬಾ ದೂರ. ನಮ್ಮ ಭಾಷೆಯಲ್ಲಿ ಈ ಚಿತ್ರಕ್ಕೆ ಸರಿಯಾಗಿ ಕೂರುವ ಪದ ಹಿಮ್ಮೆಟ್ಟು. ಹಿಂದಕ್ಕೆ ಮೆಟ್ಟುವುದು, ಅಷ್ಟೇ. ಪಾಪ, ಅದನ್ನು ನಾವು ಸೈನ್ಯಕ್ಕೆ ಮಾತ್ರ ಮೀಸಲಿಟ್ಟುಬಿಟ್ಟಿದ್ದೇವೆ. ಮುಖ ಎದುರಿಗಿರುತ್ತದೆ ಅನ್ನುವ ಈ ಚಿತ್ರ ತಲೆಯಲ್ಲಿದ್ದರೆ ಆಫ್, ಡೌನ್, ಔಟ್, ಅವೇ ಎಲ್ಲ ತಾವಾಗೇ ಅವುಗಳ ಜಾಗಕ್ಕೆ ಬಂದು ಕೂರುತ್ತವೆ.

ಬ್ಯಾಕ್ ಆಫ್: ಒತ್ತಡ ಕಡಿಮೆ ಮಾಡು, ದೂರ ನಿಲ್ಲು

ಆಫ್ ಅಂದರೆ ತಾಗಿಕೊಂಡಿದ್ದು ಬಿಟ್ಟುಕೊಳ್ಳುವುದು. ಬ್ಯಾಕ್ ಆಫ್ ಆಗಬೇಕಾದರೆ ಮೊದಲು ನೀವು ಯಾರ ಮೇಲೋ ಬಿದ್ದಿರಬೇಕು. ತೀರಾ ಹತ್ತಿರ ಹೋಗಿರಬೇಕು, ಪೀಡಿಸುತ್ತಿರಬೇಕು, ಒತ್ತಡ ಹಾಕುತ್ತಿರಬೇಕು. ಆ ಒತ್ತಡ ಸಡಿಲಿಸುವುದೇ ಬ್ಯಾಕ್ ಆಫ್. ಅಮೆರಿಕದಲ್ಲಿ ಲಾರಿಗಳ ಹಿಂದಿನ ಚಕ್ರಕ್ಕೆ ತೂಗುಬಿಡುವ ರಬ್ಬರ್ ಹಾಳೆಯ ಮೇಲೆ, ಎರಡು ಕೈಯಲ್ಲೂ ಪಿಸ್ತೂಲು ಹಿಡಿದ ದಪ್ಪ ಮೀಸೆಯ ಕಾರ್ಟೂನ್ ಮನುಷ್ಯನ ಜೊತೆ ‘ಬ್ಯಾಕ್ ಆಫ್’ ಅಂತ ಬರೆದಿರುವುದುಂಟು. ನಮ್ಮ ಲಾರಿಗಳ ಹಿಂದೆ ‘ಕೀಪ್ ಡಿಸ್ಟೆನ್ಸ್’ ಅಂತ ಇರುತ್ತದಲ್ಲ, ಅದೇ ಅರ್ಥ. ನಮ್ಮದು ಮನವಿ, ಅವರದು ಗದರಿಕೆ. ಈ ಗದರಿಕೆಯನ್ನೇ ನಾನು ಕ್ಲೈಂಟ್‌ಗೆ ಕಳಿಸಿದ್ದು.

ಅಂದರೆ ಯಾರಿಗಾದರೂ ನೇರವಾಗಿ ‘ಬ್ಯಾಕ್ ಆಫ್’ ಅಂದರೆ ಅದು ಜಗಳದ ಮಾತು. ಅದಕ್ಕೆ ಪ್ಲೀಸ್ ಸೇರಿಸಿದರೂ ಅಷ್ಟೇ, ಕೈಂಡ್ಲಿ ಸೇರಿಸಿದರೂ ಅಷ್ಟೇ. ಆದರೆ ಇದೇ ಮಾತನ್ನು ನಿಮ್ಮ ಬಗ್ಗೆಯೋ ಮೂರನೆಯವರ ಬಗ್ಗೆಯೋ ಹೇಳಿದರೆ ಏನೂ ತೊಂದರೆ ಇಲ್ಲ. ‘ಮಗಳು ತುಂಬಾ ಟೆನ್ಷನ್‌ನಲ್ಲಿದ್ದಳು, ಸೋ ಐ ಬ್ಯಾಕ್ಡ್ ಆಫ್.’ ಅವಳನ್ನು ಅವಳ ಪಾಡಿಗೆ ಬಿಟ್ಟೆ ಅಂತ ಅರ್ಥ. ಒಳ್ಳೆಯ ಅಪ್ಪ ಅನ್ನಿಸಿಕೊಳ್ಳುತ್ತೀರಿ. ಒಂದೇ ಮಾತು, ಯಾರ ಕಡೆ ಬೆರಳು ತೋರಿಸುತ್ತದೆ ಅನ್ನುವುದರ ಮೇಲೆ ಬೈಗುಳವೋ ದೊಡ್ಡತನವೋ ಆಗುತ್ತದೆ.

ಈ ಮಾತಿನ ಅರ್ಥವನ್ನು ನನಗೆ ಪಕ್ಕಾ ಮಾಡಿಸಿದ್ದು ಮಾತ್ರ ಇಂಗ್ಲಿಷ್ ಮೇಷ್ಟ್ರಲ್ಲ, ಕಂಪ್ಯೂಟರ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಬಹಳ ಜನ ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಅನ್ನುವ ಸಂದೇಶ ನೋಡಿ ರಾತ್ರಿ ನಿದ್ದೆಗೆಟ್ಟಿರುತ್ತೀರಿ. ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟೀಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರೋಗ್ರಾಂ ಬಿದ್ದುಹೋದರೆ ಸಿಸ್ಟಮ್ ಅದನ್ನು ಮತ್ತೆ ಎಬ್ಬಿಸುತ್ತದೆ. ಮತ್ತೆ ಬಿದ್ದರೆ ತಕ್ಷಣ ಎಬ್ಬಿಸುವುದಿಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ಸೆಕೆಂಡು ಕಾಯುತ್ತದೆ, ಆಮೇಲೆ 20, ಆಮೇಲೆ 40, ಹೀಗೆ ದುಪ್ಪಟ್ಟಾಗುತ್ತಾ 5 ನಿಮಿಷದವರೆಗೂ ಹೋಗುತ್ತದೆ. ಇಲ್ಲಿ ಗಮನಿಸಿ, ಅದು ಕೈಬಿಟ್ಟಿಲ್ಲ. ಸೋತೆ ಅಂದಿಲ್ಲ. ಒತ್ತಡ ಕಡಿಮೆ ಮಾಡಿ ಕಾಯುತ್ತಿದೆ, ಸಮಯ ನೋಡಿ ಮತ್ತೆ ಬರುತ್ತದೆ. ಬ್ಯಾಕ್ ಆಫ್‌ನ ಜೀವ ಇರುವುದೇ ಇಲ್ಲಿ. ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಹಳೆಯ ಕಾಲದ ಈಥರ್ನೆಟ್‌ನಲ್ಲೂ ಇದೇ ಕಥೆ ಇತ್ತು. ಒಂದೇ ತಂತಿಯ ಮೇಲೆ ಎರಡು ಕಂಪ್ಯೂಟರ್ ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ ಎರಡೂ ಬ್ಯಾಕ್ ಆಫ್ ಆಗಿ, ಒಂದೊಂದೂ ತನ್ನ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸುತ್ತಿದ್ದವು. 16 ಸಲ ಸೋತರೆ ಆಗ ಗಿವ್ ಅಪ್. ಬ್ಯಾಕ್ ಆಫ್ ಬೇರೆ, ಗಿವ್ ಅಪ್ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೆಕ್ಯಾನಿಕ್‌ಗಳ ಇಂಗ್ಲಿಷಿನಲ್ಲೂ ಇದು ಇದೆ. ಬೋಲ್ಟ್ ಪೂರ್ತಿ ಬಿಗಿದು ಆಮೇಲೆ ಅರ್ಧ ಸುತ್ತು ಬ್ಯಾಕ್ ಆಫ್ ಮಾಡು ಅನ್ನುತ್ತಾರೆ. ನಮ್ಮ ಗ್ಯಾರೇಜಿನವರು ‘ಅರ್ಧ ಸುತ್ತು ಲೂಸ್ ಮಾಡು’ ಅನ್ನುವುದು ಅದನ್ನೇ. ಬೋಲ್ಟ್ ಬಿಚ್ಚಿ ತೆಗೆದಿಲ್ಲ, ಸಡಿಲಿಸಿದ್ದೇವೆ ಅಷ್ಟೇ.

ಬ್ಯಾಕ್ ಡೌನ್: ಜಗ್ಗುವುದು

ಡೌನ್ ಅಂದರೆ ಕೆಳಗೆ. ಬ್ಯಾಕ್ ಡೌನ್ ಆಗಬೇಕಾದರೆ ಮೊದಲು ನೀವು ಎಲ್ಲೋ ಮೇಲೆ ಹತ್ತಿ ಕೂತಿರಬೇಕು. ಹಟ ಹಿಡಿದಿರಬೇಕು, ಬೆದರಿಕೆ ಹಾಕಿರಬೇಕು, ‘ಇದು ಹೀಗೇ’ ಅಂತ ವಾದ ಮಾಡಿರಬೇಕು. ಎದುರಿಗೆ ಇನ್ನೊಬ್ಬರು ಇರಲೇಬೇಕು, ಅವರಿಗೂ ಹಟ ಇರಬೇಕು. ಇಬ್ಬರಲ್ಲಿ ಯಾರು ಮೊದಲು ಮೆತ್ತಗಾದರೋ ಅವರು ಬ್ಯಾಕ್ ಡೌನ್ ಆದರು.

ಕನ್ನಡದಲ್ಲಿ ಇದಕ್ಕೆ ಎಷ್ಟು ಚೆಂದದ ಮಾತುಗಳಿವೆ ನೋಡಿ. ‘ಅವನು ಜಗ್ಗೋ ಆಸಾಮಿ ಅಲ್ಲ’ ಅಂದರೆ ಹಿ ವೋಂಟ್ ಬ್ಯಾಕ್ ಡೌನ್. ‘ಪಟ್ಟು ಸಡಿಲಿಸಿದ’ ಅಂದರೆ ಹಿ ಬ್ಯಾಕ್ಡ್ ಡೌನ್. ಪಟ್ಟು ಅನ್ನುವುದು ಕುಸ್ತಿ ಅಖಾಡದಲ್ಲೂ ಇರುವ ಪದ. ಮೈಸೂರು ದಸರಾ ಕುಸ್ತಿ ನೋಡಿದವರಿಗೆ ಗೊತ್ತು, ಪಟ್ಟು ಹಾಕಿದವನು ಸುಮ್ನೆ ಬಿಡುವುದಿಲ್ಲ, ಬಿಟ್ಟರೆ ಎದುರಾಳಿ ಮೇಲಕ್ಕೆ ಬಂದ ಅಂತಲೇ ಲೆಕ್ಕ. ಬ್ಯಾಕ್ ಡೌನ್ ಅನ್ನುವಲ್ಲೂ ಈ ಸೋಲಿನ ವಾಸನೆ ಇದ್ದೇ ಇರುತ್ತದೆ.

1962ರ ಅಕ್ಟೋಬರ್‌ನ ಕ್ಯೂಬಾ ಬಿಕ್ಕಟ್ಟು ನೆನಪಿಸಿಕೊಳ್ಳಿ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಿತು. ಅಮೆರಿಕ ಸಮುದ್ರದಲ್ಲಿ ಹಡಗು ನಿಲ್ಲಿಸಿ ತಡೆ ಹಾಕಿತು. ಜಗತ್ತೇ ಉಸಿರು ಬಿಗಿಹಿಡಿದು ಕೂತಿತ್ತು. ಅಕ್ಟೋಬರ್ 28ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆಯುತ್ತೇವೆ ಅಂದರು. ‘ಕ್ರುಶ್ಚೇವ್ ಬ್ಯಾಕ್ಡ್ ಡೌನ್’ ಅನ್ನುವ ಮಾತು ಅವರಿಗೆ ಅಂಟಿಕೊಂಡುಬಿಟ್ಟಿತು. ಟರ್ಕಿಯಲ್ಲಿದ್ದ ತನ್ನ ಜ್ಯುಪಿಟರ್ ಕ್ಷಿಪಣಿಗಳನ್ನು ತೆಗೆಯಲು ಅಮೆರಿಕವೂ ಒಳಗೊಳಗೇ ಒಪ್ಪಿತ್ತು ಅನ್ನುವುದು ಹೊರಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಇಬ್ಬರೂ ಸಡಿಲಿಸಿದ್ದರು, ಹೆಸರು ಕೆಟ್ಟಿದ್ದು ಒಬ್ಬರದು. ಬ್ಯಾಕ್ ಡೌನ್ ಅನ್ನುವ ಪದ ಯಾವತ್ತೂ ಗೆದ್ದವರ ಕಡೆ ಕೂತು ಮಾತಾಡುತ್ತದೆ. ಪೇಪರ್ ಓದುವಾಗ ಇದು ಗಮನದಲ್ಲಿರಲಿ.

ಬ್ರಿಟಿಷರಿಗೆ ಇದೇ ಅರ್ಥಕ್ಕೆ ಕ್ಲೈಂಬ್ ಡೌನ್ ಅನ್ನುವ ಮಾತೂ ಪ್ರೀತಿ. ಹತ್ತಿದ ಮರದಿಂದ ಇಳಿದು ಬಂದ ಹಾಗೆ. ನಮ್ಮ ಇಂಗ್ಲಿಷ್ ಪತ್ರಿಕೆಗಳಿಗೂ ಅದು ಇಷ್ಟ. 2021ರ ನವೆಂಬರ್ 19ರಂದು ಪ್ರಧಾನಿ ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ಪಡೆಯುತ್ತೇವೆ ಅಂದಾಗ ಕೆಲವರು ‘ಕ್ಲೈಂಬ್‌ಡೌನ್’ ಅಂದರು, ಕೆಲವರು ‘ರೋಲ್‌ಬ್ಯಾಕ್’ ಅಂದರು, ಸರ್ಕಾರದ ಕಾಗದದಲ್ಲಿ ಇದ್ದದ್ದು ‘ರಿಪೀಲ್’. ಘಟನೆ ಒಂದೇ. ಯಾವ ಪದ ಆರಿಸಿದ್ದಾರೆ ಅಂತ ನೋಡಿದರೆ ಬರೆದವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ರೋಲ್ ಬ್ಯಾಕ್‌ನಲ್ಲಿ ಅವಮಾನ ಕಡಿಮೆ. ಬಸ್ ಚಾರ್ಜ್ ಏರಿಸಿ ಇಳಿಸಿದರೂ, ಸರ್ವರ್‌ನಲ್ಲಿ ಹೊಸ ವರ್ಷನ್ ತೆಗೆದು ಹಳೆಯದು ಹಾಕಿದರೂ ರೋಲ್ ಬ್ಯಾಕ್ ಅನ್ನಬಹುದು.

ಬ್ಯಾಕ್ ಔಟ್: ಕೈಕೊಡುವುದು

ನಮ್ಮವರು ಜಾಸ್ತಿ ತಪ್ಪುವುದು ಇಲ್ಲಿ. ‘ದಿ ಬಯರ್ ಬ್ಯಾಕ್ಡ್ ಆಫ್ ಅಟ್ ದಿ ಲಾಸ್ಟ್ ಮಿನಿಟ್’ ಅಂತ ನಾನೇ ಎಷ್ಟೋ ಸಲ ಕೇಳಿದ್ದೇನೆ. ಮಾತು ಅರ್ಥವಾಗುತ್ತದೆ, ಪೂರ್ತಿ ತಪ್ಪು ಅಂತಲೂ ಅಲ್ಲ, ಆದರೆ ಇಲ್ಲಿ ಬೇಕಾದದ್ದು ಬ್ಯಾಕ್ಡ್ ಔಟ್.

ಔಟ್ ಅಂದರೆ ಹೊರಗೆ. ಹೊರಗೆ ಬರಬೇಕಾದರೆ ಮೊದಲು ಒಳಗಿರಬೇಕು. ಅಂದರೆ ಮಾತು ಕೊಟ್ಟಿರಬೇಕು, ಒಪ್ಪಿಕೊಂಡಿರಬೇಕು, ಅಡ್ವಾನ್ಸ್ ಕೊಟ್ಟಿರಬೇಕು, ಅಗ್ರಿಮೆಂಟಿಗೆ ಸೈನ್ ಹಾಕಿರಬೇಕು, ಕಡೇ ಪಕ್ಷ ‘ಆಯ್ತು ಬರ್ತೀನಿ’ ಅಂತಾದರೂ ಅಂದಿರಬೇಕು. ಮಾತೇ ಕೊಡದವನು ಬ್ಯಾಕ್ ಔಟ್ ಮಾಡಲು ಸಾಧ್ಯವೇ ಇಲ್ಲ. ಕನ್ನಡದ ಕೈಕೊಟ್ಟ, ಕೈ ಎತ್ತಿಬಿಟ್ಟ, ಜಾರಿಕೊಂಡ, ಇವೆಲ್ಲ ಇದರ ಅಣ್ಣತಮ್ಮಂದಿರು.

ಇಲ್ಲಿ ಎದುರಾಳಿ ಬೇಕಾಗಿಲ್ಲ, ಹಟ ಬೇಕಾಗಿಲ್ಲ, ಸೋಲು ಗೆಲುವಿನ ಮಾತೂ ಇಲ್ಲ. ಆದರೆ ನಂಬಿದವರಿಗೆ ತೊಂದರೆ ಆಗಿರುತ್ತದೆ. ಬ್ಯಾಕ್ ಡೌನ್ ಮಾಡಿದವನನ್ನು ಜನ ಪುಕ್ಕಲ ಅನ್ನುತ್ತಾರೆ. ಬ್ಯಾಕ್ ಔಟ್ ಮಾಡಿದವನನ್ನು ನಂಬಿಕೆಗೆ ಯೋಗ್ಯನಲ್ಲ ಅನ್ನುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡ ಬೈಗುಳ.

ದೊಡ್ಡ ಮಟ್ಟದ ಉದಾಹರಣೆ ಬೇಕೆಂದರೆ ಇಲಾನ್ ಮಸ್ಕ್ ಮತ್ತು ಟ್ವಿಟರ್. 2022ರ ಏಪ್ರಿಲ್‌ನಲ್ಲಿ ಸುಮಾರು 44 ಬಿಲಿಯನ್ ಡಾಲರಿಗೆ ಕೊಳ್ಳುತ್ತೇನೆ ಅಂತ ಒಪ್ಪಂದ ಆಯಿತು. ಜುಲೈನಲ್ಲಿ ಮಸ್ಕ್ ಬೇಡ ಅಂದರು. ಅಂದರೆ ಬ್ಯಾಕ್ ಔಟ್ ಮಾಡಲು ನೋಡಿದರು. ಟ್ವಿಟರ್ ಡೆಲವೇರ್ ಕೋರ್ಟಿಗೆ ಹೋಯಿತು. ಅಕ್ಟೋಬರ್‌ನಲ್ಲಿ ಮಸ್ಕ್ ಮತ್ತೆ ಒಪ್ಪಿ, ಅದೇ ತಿಂಗಳು 27ಕ್ಕೆ ಕೊಂಡರು. ಈಗ ಒಂದು ತಮಾಷೆ ನೋಡಿ. ಬ್ಯಾಕ್ ಔಟ್ ಮಾಡಲು ಹೋದದ್ದು ಜುಲೈನಲ್ಲಿ. ಕೋರ್ಟಿನ ವಿಚಾರಣೆಗೆ ಮುಂಚೆಯೇ ಆ ಜಗಳ ಬಿಟ್ಟು ಕೊಳ್ಳಲು ಒಪ್ಪಿದ್ದನ್ನು ಬ್ಯಾಕ್ ಡೌನ್ ಅನ್ನಬಹುದು. ಒಂದೇ ವ್ಯವಹಾರದಲ್ಲಿ ಎರಡೂ ಸಿಕ್ಕವು.

ಇದರ ಪಕ್ಕದಲ್ಲೇ ಗೋ ಬ್ಯಾಕ್ ಆನ್ ಇದೆ. ಇದು ಮಾತಿಗೆ ತಪ್ಪುವುದು. ಡೀಲ್, ಮದುವೆ, ಟ್ರಿಪ್ ಆದರೆ ಬ್ಯಾಕ್ ಔಟ್ ಆಫ್ (ಇದು of, ಬ್ಯಾಕ್ ಆಫ್‌ನ off ಅಲ್ಲ). ಮಾತು, ಭರವಸೆ, ವಚನ ಆದರೆ ಗೋ ಬ್ಯಾಕ್ ಆನ್. ಇನ್ನು ಕಾಲ್ ಆಫ್ ಅಂದರೆ ಕಾರ್ಯಕ್ರಮವನ್ನೇ ರದ್ದು ಮಾಡುವುದು. ಹುಡುಗ ಬ್ಯಾಕ್ ಔಟ್ ಮಾಡಿದ, ಅದಕ್ಕೆ ಮನೆಯವರು ಮದುವೆ ಕಾಲ್ ಆಫ್ ಮಾಡಿದರು. ಕ್ರಮ ಹಾಗೆ. ಹೆದರಿಕೊಂಡು ಕೊನೇ ಗಳಿಗೆಯಲ್ಲಿ ಬ್ಯಾಕ್ ಔಟ್ ಮಾಡಿದರೆ ಅದಕ್ಕೆ ಚಿಕನ್ ಔಟ್ ಅಂತ ಇನ್ನೊಂದು ಮಾತಿದೆ, ಗೆಳೆಯರ ನಡುವೆ ರೇಗಿಸಲು ಚೆನ್ನಾಗಿರುತ್ತದೆ, ಆಫೀಸ್ ಮೇಲಿಗೆ ಬೇಡ.

ಒಂದು ಎಚ್ಚರಿಕೆ. ‘ಹಿಂಜರಿದ’, ‘ಹಿಂದೇಟು ಹಾಕಿದ’ ಅನ್ನುವುದನ್ನು ಬ್ಯಾಕ್ ಔಟ್ ಅಂತ ಅನುವಾದ ಮಾಡಬೇಡಿ. ಹಿಂಜರಿದವನು ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ, ಒಳಗೇ ಬಂದಿಲ್ಲ. ಅವನಿಗೆ ಹೆಸಿಟೇಟ್, ಇಲ್ಲವೇ ಹೋಲ್ಡ್ ಬ್ಯಾಕ್ ಸಾಕು.

ಬ್ಯಾಕ್ ಅವೇ, ಬ್ಯಾಕ್ ಅಪ್

ಬ್ಯಾಕ್ ಅವೇ ಮೊದಲನೆಯದಾಗಿ ಕಾಲಿನ ಕೆಲಸ. ಹೆದರಿಕೆಯಿಂದಲೋ ಎಚ್ಚರದಿಂದಲೋ, ಕಣ್ಣು ಎದುರಿಗೇ ಇಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ. ಅಮೆರಿಕದ ಕಾಡುಗಳಲ್ಲಿ ಕರಡಿ ಎದುರಾದರೆ ಓಡಬೇಡಿ, ನಿಧಾನಕ್ಕೆ ಬ್ಯಾಕ್ ಅವೇ ಆಗಿ ಅಂತ ಹೇಳುತ್ತಾರೆ. ಅಲ್ಲಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಂತೂ ಕರಡಿ ಮತ್ತು ತೋಳದಿಂದ 100 ಗಜ ದೂರ ಇರಬೇಕು ಅನ್ನುವುದು ನಿಯಮ. ಇಲ್ಲಿ ಬ್ಯಾಕ್ ಆಫ್ ಅಂದರೂ ನಡೆಯುತ್ತದೆ. ಆದರೆ ಬ್ಯಾಕ್ ಡೌನ್ ಅಂದರೆ ನೀವು ಕರಡಿ ಜೊತೆ ವಾದ ಮಾಡುತ್ತಿದ್ದಿರಿ ಅಂತಾಗುತ್ತದೆ. ಕ್ರಿಕೆಟ್ಟಿನಲ್ಲಿ ಸೈಟ್ ಸ್ಕ್ರೀನ್ ಮುಂದೆ ಯಾರೋ ಓಡಾಡಿದರು ಅಂತ ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಪಕ್ಕಕ್ಕೆ ಸರಿಯುತ್ತಾನಲ್ಲ, ಅದೂ ಬ್ಯಾಕ್ ಅವೇ.

ಬ್ಯಾಕ್ ಅಪ್ ಮಾತ್ರ ಮೋಸದ ಪದ. ಅಮೆರಿಕದಲ್ಲಿ ಕಾರು ಹಿಂದಕ್ಕೆ ತೆಗೆಯುವುದು, ಗುಂಪು ಹಿಂದಕ್ಕೆ ಸರಿಯುವುದು ಎರಡೂ ಬ್ಯಾಕ್ ಅಪ್. ನಮಗೆ ಕಾರಿಗೆ ರಿವರ್ಸ್ ಇದೆ, ಬ್ಯಾಕ್ ಅಪ್ ಅಂದರೆ ಫೋನಿನ ಫೋಟೋ ನೆನಪಾಗುತ್ತದೆ. ಯಾರಿಗಾದರೂ ಬೆಂಬಲ ಕೊಡುವುದೂ ಬ್ಯಾಕ್ ಅಪ್, ‘ಅವನಿಗೆ ಭಾರೀ ಬ್ಯಾಕಿಂಗ್ ಇದೆ’ ಅನ್ನುವಾಗ ನಾವು ಹೇಳುವುದು ಇದನ್ನೇ. ಎಲ್ಲಕ್ಕಿಂತ ವಿಚಿತ್ರ ಅಂದರೆ ಕ್ರಿಕೆಟ್ಟಿನ ಬ್ಯಾಕಿಂಗ್ ಅಪ್. ಬೌಲರ್ ಓಡಿ ಬರುವಾಗ ನಾನ್ ಸ್ಟ್ರೈಕರ್ ಕ್ರೀಸಿನಿಂದ ಮುಂದೆ ಮುಂದೆ ಹೋಗುವುದು! 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟಿನಲ್ಲಿ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್‌ನನ್ನು ರನ್ ಔಟ್ ಮಾಡಿದ್ದು ಹೀಗೆ ಬ್ಯಾಕ್ ಅಪ್ ಮಾಡುತ್ತಿದ್ದಾಗಲೇ. ಹೆಸರಲ್ಲಿ ಬ್ಯಾಕ್, ಹೋಗುವುದು ಮುಂದಕ್ಕೆ. ಇದಕ್ಕೆ ಲಾಜಿಕ್ ಹುಡುಕಬೇಡಿ.

ಪೇಪರಿನ ಇಂಗ್ಲಿಷ್: ಪುಲ್, ಫಾಲ್, ಸ್ಟೆಪ್, ಸ್ಟ್ಯಾಂಡ್

ಇವುಗಳನ್ನು ಬೇಗ ಮುಗಿಸುತ್ತೇನೆ, ಬ್ಯಾಕ್ ಸಂಸಾರದಷ್ಟು ಕಾಟ ಇವುಗಳದ್ದಿಲ್ಲ.

ಪುಲ್ ಔಟ್ ಅಂದರೆ ಪೂರ್ತಿ ಜಾಗ ಖಾಲಿ ಮಾಡುವುದು. ಅಮೆರಿಕದ ಸೈನ್ಯ 20 ವರ್ಷ ಇದ್ದು 2021ರ ಆಗಸ್ಟ್ 30ರಂದು ಅಫ್ಘಾನಿಸ್ತಾನದಿಂದ ಪುಲ್ ಔಟ್ ಆಯಿತು. ಪುಲ್ ಬ್ಯಾಕ್ ಅಂದರೆ ಅಲ್ಲೇ ಸ್ವಲ್ಪ ಹಿಂದಕ್ಕೆ. 2021ರ ಫೆಬ್ರವರಿಯಲ್ಲಿ ಪಾಂಗಾಂಗ್ ಸರೋವರದ ದಂಡೆಯಲ್ಲಿ ಭಾರತ ಮತ್ತು ಚೀನಾ ಸೈನ್ಯಗಳು ಮಾಡಿದ್ದು ಅದು. ಗಡಿಯಲ್ಲಿ ಇದ್ದೇ ಇದ್ದರು, ಮುಖಾಮುಖಿ ನಿಂತಿದ್ದ ಜಾಗ ಬಿಟ್ಟರು. ಪುಲ್ ಔಟ್‌ಗೂ ಬ್ಯಾಕ್ ಔಟ್‌ಗೂ ಇರುವ ವ್ಯತ್ಯಾಸ ಕೇಳಿದರೆ, ಪುಲ್ ಔಟ್‌ನಲ್ಲಿ ಬೈಗುಳ ಇಲ್ಲ. ಗಾಯ ಆದ ಆಟಗಾರ ಟೂರ್ನಿಯಿಂದ ಪುಲ್ ಔಟ್ ಆಗುತ್ತಾನೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವನು ಬ್ಯಾಕ್ ಔಟ್ ಮಾಡಿದ ಅಂತ ಬರೆದರೆ ಅವನ ಫ್ಯಾನ್ಸ್ ಸುಮ್ಮನಿರುವುದಿಲ್ಲ.

ಫಾಲ್ ಬ್ಯಾಕ್ ಅಂದರೆ ಸೈನ್ಯ ತನ್ನ ಹಿಂದಿನ ನೆಲೆಗೆ ಬರುವುದು. ಇದರಲ್ಲಿ ಇನ್ನೊಂದು ಗಟ್ಟಿ ಜಾಗ ಹಿಂದೆ ಇದೆ ಅನ್ನುವ ಧೈರ್ಯ ಇರುತ್ತದೆ. ಅದಕ್ಕೇ ಫಾಲ್ ಬ್ಯಾಕ್ ಆನ್ ಅಂದರೆ ಕಷ್ಟಕ್ಕೆ ಆಗುವ ಆಸರೆ. ಕೆಲಸ ಹೋದರೂ ಊರಲ್ಲಿ ಎರಡು ಎಕರೆ ತೋಟ ಇದೆ ಅನ್ನುತ್ತೀರಲ್ಲ, ಆ ತೋಟ ನಿಮ್ಮ ಫಾಲ್‌ಬ್ಯಾಕ್.

ಸ್ಟೆಪ್ ಡೌನ್ ಕುರ್ಚಿಯಿಂದ ಇಳಿಯುವುದು. 2021ರ ಜುಲೈ 26ರಂದು ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನದಿಂದ ಸ್ಟೆಪ್ ಡೌನ್ ಆದರು. ಕುರ್ಚಿ ಇಲ್ಲದವರು ಸ್ಟೆಪ್ ಡೌನ್ ಆಗಲಾರರು. ಸ್ಟೆಪ್ ಬ್ಯಾಕ್ ಅಂದರೆ ಕುರ್ಚಿ ಬಿಡದೆ ದಿನದ ಗಡಿಬಿಡಿಯಿಂದ ಸ್ವಲ್ಪ ದೂರ ನಿಂತು ನೋಡುವುದು.

ಈ ಎಲ್ಲ ಪದಗಳ ಪರೀಕ್ಷೆ ಒಂದೇ ದಿನ ನಡೆದದ್ದು 2024ರ ಜುಲೈ 21ರಂದು. ಅವತ್ತು ಜೋ ಬೈಡನ್ ಚುನಾವಣೆಗೆ ನಿಲ್ಲುವುದಿಲ್ಲ ಅಂತ ಪತ್ರ ಬರೆದರು. ಪತ್ರದಲ್ಲಿ ಅವರು ಬಳಸಿದ ಮಾತು ಸ್ಟ್ಯಾಂಡ್ ಡೌನ್. ಡ್ಯೂಟಿ ಮುಗಿಸಿ ಇಳಿಯುವ ಸಿಪಾಯಿಯ ಮಾತು, ಗೌರವ ಇದೆ. ಸುದ್ದಿಯವರು ‘ಡ್ರಾಪ್ಸ್ ಔಟ್’ ಅಂದರು, ಅದು ಓಟದ ಮಧ್ಯೆ ನಿಂತುಬಿಟ್ಟವನ ಚಿತ್ರ. ‘ಬೋಸ್ ಔಟ್’ ಅಂದರೆ ತಲೆಬಾಗಿ ವೇದಿಕೆ ಇಳಿದ ಹಾಗೆ, ಸ್ವಲ್ಪ ಪ್ರೀತಿಯ ಮಾತು. ‘ವಿತ್‌ಡ್ರಾಸ್’ ಅಂದರೆ ಬಣ್ಣವಿಲ್ಲದ ಸರ್ಕಾರಿ ಮಾತು. ಕನ್ನಡದಲ್ಲಾದರೆ ಎಲ್ಲದಕ್ಕೂ ‘ಕಣದಿಂದ ಹಿಂದೆ ಸರಿದ ಬೈಡನ್’ ಅಂತ ಒಂದೇ ಹೆಡ್ಡಿಂಗ್ ಸಾಕಾಗುತ್ತದೆ. ಅವತ್ತು ಸ್ಟೆಪ್ ಡೌನ್ ಅಂತ ಬರೆದಿದ್ದರೆ ಮಾತ್ರ ಗೊಂದಲ, ಯಾಕೆಂದರೆ ಅವರು ಅಧ್ಯಕ್ಷರಾಗಿ 2025ರ ಜನವರಿ 20ರವರೆಗೂ ಇದ್ದರು. ಇಳಿದದ್ದು ಸ್ಪರ್ಧೆಯಿಂದ, ಕುರ್ಚಿಯಿಂದಲ್ಲ.

ನೀವೇ ಒಂದನ್ನು ಆರಿಸಿ ನೋಡಿ. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಅನಿಲ್ ಕುಂಬ್ಳೆಗೆ ಬಾಲ್ ಬಡಿದು ದವಡೆ ಮುರಿದಿದೆ. ತಲೆಗೂ ಗಲ್ಲಕ್ಕೂ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿದರು, ಬ್ರಯಾನ್ ಲಾರಾ ವಿಕೆಟ್ಟನ್ನೂ ತೆಗೆದರು. ‘ಕುಂಬ್ಳೆ ಹಿಂದೆ ಸರಿಯಲಿಲ್ಲ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? ಬ್ಯಾಕ್ ಆಫ್ ಅಲ್ಲ, ಅವರು ಯಾರನ್ನೂ ಪೀಡಿಸುತ್ತಿರಲಿಲ್ಲ, ಲಾರಾ ಬೇಕಾದರೆ ಬೇರೆ ಹೇಳಬಹುದು. ಬ್ಯಾಕ್ ಔಟ್ ಅಂದರೆ ಅವಮಾನ, ದವಡೆ ಮುರಿದವನು ಆಡದಿದ್ದರೆ ಯಾರು ಬೈಯುತ್ತಾರೆ? ನಾನಾದರೆ ‘ಹಿ ರೆಫ್ಯೂಸ್ಡ್ ಟು ಪುಲ್ ಔಟ್’ ಅನ್ನುತ್ತೇನೆ. ನೋವಿನ ಜೊತೆ ಅವರದು ಜಗಳ ಇತ್ತು ಅಂತ ನಿಮಗೆ ಅನ್ನಿಸಿದರೆ ‘ಡಿಡಂಟ್ ಬ್ಯಾಕ್ ಡೌನ್’ ಅಂತಲೂ ಹೇಳಬಹುದು, ನಾನು ತಕರಾರು ಮಾಡುವುದಿಲ್ಲ.

ಬಾಲದ ಸಮಸ್ಯೆ

ಫ್ರಮ್, ಆಫ್ (of), ಆನ್ ಇವು ಕೊನೆಯಲ್ಲಿ ಕಾಡುತ್ತವೆ. ಬ್ಯಾಕ್ ಔಟ್ ಆದಮೇಲೆ ಈ ಆಫ್ (of) ಬರುತ್ತದೆ, ಫ್ರಮ್ ಅಲ್ಲ. ‘ಬ್ಯಾಕ್ಡ್ ಔಟ್ ಫ್ರಮ್ ದಿ ಡೀಲ್’ ಅಂತ ನಾವು ಬರೆಯುವುದು ನಮ್ಮ ‘ಇಂದ’ ಪ್ರತ್ಯಯದ ಪ್ರಭಾವ. ಡೀಲಿನಿಂದ, ಅದಕ್ಕೇ ಫ್ರಮ್. ಬ್ಯಾಕ್ ಡೌನ್ ಆದರೆ ಫ್ರಮ್ ಕೂಡ ಸರಿ, ವಿಷಯ ಹೇಳುವಾಗ ಆನ್ ಅಥವಾ ಓವರ್ ಕೂಡ ಸರಿ. ಬ್ಯಾಕ್ ಆಫ್‌ಗೂ ಬ್ಯಾಕ್ ಅವೇಗೂ ಫ್ರಮ್. ಸ್ಟೆಪ್ ಡೌನ್‌ಗೆ ಯಾವ ಹುದ್ದೆಯಿಂದ ಅಂತ ಹೇಳಲು ಫ್ರಮ್, ಯಾವ ಹುದ್ದೆಯಲ್ಲಿದ್ದವರು ಅಂತ ಹೇಳಲು ಆ್ಯಸ್.

ಆಫೀಸಿನಲ್ಲಿ ಏನು ಬರೆಯಬೇಕು ಅನ್ನುವುದು ಉಳಿಯಿತು. ಒಪ್ಪಿಕೊಂಡ ಕೆಲಸ ಬಿಡಬೇಕಾದರೆ ‘ಐ ಹ್ಯಾವ್ ಟು ಬ್ಯಾಕ್ ಔಟ್, ಸಾರಿ’ ಅಂತ ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳುವುದು ಒಳ್ಳೆಯದು. ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಎದುರಿನವರ ಸಿಟ್ಟು ಅರ್ಧ ಇಳಿಯುತ್ತದೆ. ಸಂಬಂಧ ಕೆಡದೆ ಹೊರಬರಬೇಕಾದರೆ ಬೋ ಔಟ್. ಬಾಸ್ ತಲೆ ತಿನ್ನುತ್ತಿದ್ದರೆ ಅವರಿಗೆ ಬ್ಯಾಕ್ ಆಫ್ ಅನ್ನಬೇಡಿ, ಸ್ವಲ್ಪ ಸ್ಪೇಸ್ ಬೇಕು ಅನ್ನಿ. ಡೆಡ್‌ಲೈನ್ ಮುಂದಕ್ಕೆ ಹಾಕಬೇಕಾದರೆ ಇಂಗ್ಲಿಷಿನಲ್ಲಿ ಅದನ್ನು ಪುಶ್ ಬ್ಯಾಕ್ ಅನ್ನುತ್ತಾರೆ. ಹೌದು, ನಾವು ಮುಂದಕ್ಕೆ ಹಾಕುವುದನ್ನು ಅವರು ಹಿಂದಕ್ಕೆ ತಳ್ಳುತ್ತಾರೆ. ಆದರೆ ಅದಕ್ಕೆ ಆನ್ ಸೇರಿಸಿ ಪುಶ್ ಬ್ಯಾಕ್ ಆನ್ ದಿ ಡೆಡ್‌ಲೈನ್ ಅಂದರೆ ನಾವು ಅದನ್ನು ಒಪ್ಪುವುದಿಲ್ಲ ಅಂತ ಅರ್ಥ. ನನ್ನ ಎರಡನೇ ಮೇಲ್‌ನಲ್ಲಿ ಆ ಆನ್ ಇತ್ತು. ಮ್ಯಾನೇಜರ್ ಕಳಿಸುವ ಮುಂಚೆ ಅಳಿಸಿದರು.